ನೈಟ್ ಟ್ರ್ಯಾಪ್ ಏಕೆ ನಿರಾಸೆ ಹುಟ್ಟಿಸಿತು: ಸೆಗಾ ಸಿಡಿಯ ಕಾಲದ ವಿಡಿಯೊ ಆಟಗಳ ಒಳಗುಟ್ಟು

1992ರ ಅಕ್ಟೋಬರ್‌ನಲ್ಲಿ ಸೆಗಾ ಕಂಪನಿಯು ಸೆಗಾ ಸಿಡಿ ಎಂಬ ಉಪಕರಣವನ್ನು ಅಮೆರಿಕದ ಅಂಗಡಿಗಳಿಗೆ ತಂದಿತು. ಅದು ತಾನಾಗಿಯೇ ನಡೆಯುವ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರ, ಆಗಿರಲಿಲ್ಲ. ಅದಾಗಲೇ ಮನೆಗಳಲ್ಲಿದ್ದ ಸೆಗಾದ ಜೆನೆಸಿಸ್ ಕನ್ಸೋಲ್‌ಗೆ ಜೋಡಿಸಿಕೊಳ್ಳಬೇಕಾದ ಸಿಡಿ ಡ್ರೈವ್ ಆಗಿತ್ತು. ಹಾಗಿದ್ದರೂ ಅದರ ಬೆಲೆ 299 ಡಾಲರ್, ಅಂದರೆ ಮೂಲ ಕನ್ಸೋಲ್‌ಗಿಂತಲೂ ಹೆಚ್ಚು. ಜಪಾನಿನಲ್ಲಿ ಇದೇ ಉಪಕರಣ 1991ರ ಡಿಸೆಂಬರ್‌ನಲ್ಲೇ ಮೆಗಾ ಸಿಡಿ ಎಂಬ ಹೆಸರಿನಲ್ಲಿ ಬಿಡುಗಡೆಯಾಗಿತ್ತು. ಅಷ್ಟು ಹಣ ತೆತ್ತು ಅದನ್ನು ಕೊಂಡವರ ಮುಂದೆ ಇದ್ದ ಆಸೆ ಸರಳವಾದದ್ದು: ಇನ್ನು ಮುಂದೆ ಚಿತ್ರ ಬರೆದು ಮಾಡಿದ ಗೊಂಬೆಗಳನ್ನಲ್ಲ, ನಿಜವಾದ ನಟನಟಿಯರನ್ನು, ನಿಜವಾದ ಮನೆ ಬೀದಿಗಳನ್ನು ಆಟದೊಳಗೆ ಕಾಣಬಹುದು, ಸಿನಿಮಾವನ್ನು ನೋಡುವುದಷ್ಟೇ ಅಲ್ಲ, ಆಡಲೂಬಹುದು. ಆ ಆಸೆಯ ಮುಖವಾಗಿ ಉಪಕರಣದ ಜೊತೆಜೊತೆಗೇ ಬಂದ ಆಟ ನೈಟ್ ಟ್ರ್ಯಾಪ್. ಅದನ್ನು ಆಡಿದ ಬಹುಪಾಲು ಜನರಿಗೆ ದೊರೆತದ್ದು ಪರದೆಯ ಒಂದು ಭಾಗದಲ್ಲಿ ಓಡುವ, ಚುಕ್ಕೆ ಚುಕ್ಕೆಯಾಗಿ ಒಡೆದ, ಬಣ್ಣ ಸೋರಿಹೋದ ದೃಶ್ಯಗಳು, ಮತ್ತು ಆ ದೃಶ್ಯಗಳನ್ನು ನೆಮ್ಮದಿಯಿಂದ ನೋಡಲೂ ಬಿಡದ ಒಂದು ಆಟ.

ಈ ನಿರಾಸೆಗೆ ಸಾಮಾನ್ಯವಾಗಿ ಕೊಡುವ ಕಾರಣ ಎರಡು: ಅಭಿನಯ ಕಳಪೆ, ಕಂಪನಿಗೆ ಹಣದ ಆತುರ. ಎರಡೂ ಪೂರ್ತಿ ಸುಳ್ಳಲ್ಲವಾದರೂ ನನಗೆ ಅವು ಮೇಲ್ಮೈಯ ವಿವರಣೆಗಳಾಗಿ ತೋರುತ್ತವೆ. ಅದೇ ನಟರನ್ನು, ಅದೇ ಕಥೆಯನ್ನು ಇಟ್ಟುಕೊಂಡೇ ಆಟವನ್ನು ಇನ್ನೂ ಚೆನ್ನಾಗಿ ಮಾಡಬಹುದಿತ್ತು. ನಿಜವಾದ ತೊಡಕು ಬೇರೆಡೆ ಇದೆ. ನೈಟ್ ಟ್ರ್ಯಾಪ್ ಸೆಗಾ ಸಿಡಿಗಾಗಿ ಯೋಚಿಸಿದ ಆಟವೇ ಅಲ್ಲ. ಒಂದು ಯಂತ್ರದ ಬಲವನ್ನು ನಂಬಿ ಚಿತ್ರೀಕರಿಸಿದ ಆಟವನ್ನು ಆ ಬಲವಿಲ್ಲದ ಇನ್ನೊಂದು ಯಂತ್ರಕ್ಕೆ ತಂದು ಕೂಡಿಸಿದ್ದು. ಇದು ಸ್ಪಷ್ಟವಾಗಬೇಕಾದರೆ ಸೆಗಾ ಸಿಡಿ ಒಂದು ವಿಡಿಯೊವನ್ನು ಪರದೆಗೆ ತರುವಾಗ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ತಿಳಿಯಬೇಕು.

ಚಿತ್ರೀಕರಿಸಿದ ಅಥವಾ ಮೊದಲೇ ಸಿದ್ಧಪಡಿಸಿದ ಚಲಿಸುವ ದೃಶ್ಯಗಳನ್ನೇ ಆಟದ ಮುಖ್ಯ ಸಾಮಗ್ರಿಯಾಗಿ ಬಳಸುವುದನ್ನು ಫುಲ್ ಮೋಷನ್ ವಿಡಿಯೊ, ಚಿಕ್ಕದಾಗಿ ಎಫ್‌ಎಂವಿ, ಎನ್ನುತ್ತಾರೆ. ಇದು ಸೆಗಾ ಸಿಡಿಯಿಂದ ಶುರುವಾದದ್ದಲ್ಲ. 1983ರಲ್ಲಿ ಅಮೆರಿಕದಲ್ಲಿ ಕಾಸು ಹಾಕಿ ಆಡುವ ಆಟದಂಗಡಿಗಳಾದ ಆರ್ಕೇಡ್‌ಗಳಿಗೆ ಬಂದ ಡ್ರ್ಯಾಗನ್ಸ್ ಲೇರ್ ಆಟದಲ್ಲಿ ಡಾನ್ ಬ್ಲೂತ್ ತಂಡ ಕೈಯಿಂದ ಬರೆದ ಆನಿಮೇಷನ್, ಸಿನಿಮಾ ದಾಖಲಿಸಿಡುವ ದೊಡ್ಡ ತಟ್ಟೆಯಾದ ಲೇಸರ್‌ಡಿಸ್ಕ್‌ನಿಂದ ನೇರವಾಗಿ ಪರದೆಗೆ ಬರುತ್ತಿತ್ತು. ಅಲ್ಲಿ ಚಿತ್ರವನ್ನು ಕಟ್ಟುವ ಕೆಲಸ ಕಂಪ್ಯೂಟರ್‌ನದಲ್ಲ. ಲೇಸರ್‌ಡಿಸ್ಕ್‌ನ ಚಿತ್ರ ಅನಲಾಗ್ ಸಂಕೇತವಾಗಿದ್ದು, ಟಿವಿಗೆ ಹೋಗುವಂತೆಯೇ ಪರದೆಗೆ ಹೋಗುತ್ತಿತ್ತು. ಯಾವ ದೃಶ್ಯ ಮುಂದೆ ಬರಬೇಕು ಎಂದು ಪ್ಲೇಯರ್‌ಗೆ ಹೇಳುವುದಷ್ಟೇ ಕಂಪ್ಯೂಟರ್‌ನ ಪಾಲು. ಆದ್ದರಿಂದ ಚಿತ್ರ ಸೊಗಸಾಗಿಯೇ ಇತ್ತು. ಸೆಗಾ ಸಿಡಿಯಲ್ಲಿ ಹಾಗಲ್ಲ. ಅಲ್ಲಿ ಚಿತ್ರ ಅಂಕಿಗಳಾಗಿ ಸಿಡಿಯ ಮೇಲಿರುತ್ತದೆ, ಆ ಅಂಕಿಗಳನ್ನು ಓದಿ, ಬಿಡಿಸಿ, ಒಂದೊಂದು ಫ್ರೇಮನ್ನೂ (ಚಲಿಸುವ ದೃಶ್ಯದ ಒಂದೊಂದು ಬಿಡಿ ಚಿತ್ರವನ್ನೂ) ಕನ್ಸೋಲೇ ಹೊಸದಾಗಿ ಪರದೆಯ ಮೇಲೆ ಕಟ್ಟಬೇಕು.

ಸಿಡಿಯ ಬಗ್ಗೆ ಆಗ ಎಲ್ಲರೂ ಹೊಗಳುತ್ತಿದ್ದದ್ದು ಅದರ ಸಂಗ್ರಹಶಕ್ತಿಯನ್ನು. 1991ರಲ್ಲಿ ಬಂದ ಸೋನಿಕ್ ದ ಹೆಜ್‌ಹಾಗ್ ಆಟವಿಡೀ 512 ಕಿಲೋಬೈಟ್‌ನ ಕಾರ್ಟ್ರಿಜ್‌ನಲ್ಲಿ, ಅಂದರೆ ಕನ್ಸೋಲ್‌ಗೆ ಸಿಕ್ಕಿಸುವ ಚಿಪ್ಪಿನ ಪುಟ್ಟ ಪೆಟ್ಟಿಗೆಯಲ್ಲಿ, ಅಡಗಿತ್ತು. ಒಂದು ಸಿಡಿಯಲ್ಲಿ ಅಂಥ ಸಾವಿರ ಆಟಗಳಿಗೆ ಜಾಗವಿತ್ತು. ಆದರೆ ವಿಡಿಯೊಗೆ ಬೇಕಾದದ್ದು ಜಾಗ ಮಾತ್ರವಲ್ಲ, ವೇಗವೂ ಹೌದು. ಸೆಗಾ ಸಿಡಿಯ ಡ್ರೈವ್ ಸೆಕೆಂಡಿಗೆ 150 ಕಿಲೋಬೈಟ್, ಅಂದರೆ 1,53,600 ಬೈಟ್ ಮಾತ್ರ ಓದಬಲ್ಲದು. ಹಾಡಿನ ಸಿಡಿಯನ್ನು ನುಡಿಸುವ ವೇಗವೇ ಇದು. ಕೆರೆ ದೊಡ್ಡದಿತ್ತು, ತೂಬು ಚಿಕ್ಕದಿತ್ತು. ಕಾರ್ಟ್ರಿಜ್‌ನಲ್ಲಿರುವ ಮಾಹಿತಿ ಕನ್ಸೋಲ್‌ಗೆ ಬೇಕೆಂದಾಕ್ಷಣ ಸಿಗುತ್ತದೆ. ಸಿಡಿಯಲ್ಲಿರುವುದು ಮಾತ್ರ ಈ ತೂಬಿನ ಮೂಲಕ ಹರಿದು ಬರುವವರೆಗೆ ಕಾಯಬೇಕು.

ಲೆಕ್ಕ ಹಾಕಿ ನೋಡಿದರೆ ಬಿಗಿ ಎಷ್ಟೆಂಬುದು ಕಾಣುತ್ತದೆ. ಜೆನೆಸಿಸ್‌ನ ಪೂರ್ಣ ಪರದೆ 320 ಪಿಕ್ಸೆಲ್ ಅಗಲ, 224 ಪಿಕ್ಸೆಲ್ ಎತ್ತರ. ಪ್ರತಿ ಪಿಕ್ಸೆಲ್‌ಗೆ ನಾಲ್ಕು ಬಿಟ್, ಅಂದರೆ ಅರ್ಧ ಬೈಟ್, ಆದ್ದರಿಂದ ಒಂದು ಪೂರ್ಣ ಫ್ರೇಮ್‌ಗೆ 35,840 ಬೈಟ್. ಸಿನಿಮಾದ 24 ಫ್ರೇಮ್‌ಗಳ ಮಾತು ಹಾಗಿರಲಿ, ಸೆಕೆಂಡಿಗೆ 15 ಫ್ರೇಮ್ ಸಾಕೆಂದುಕೊಂಡರೂ 5,37,600 ಬೈಟ್ ಬೇಕಾಗುತ್ತದೆ. ಡ್ರೈವ್ ಕೊಡಬಲ್ಲದ್ದರ ಮೂರೂವರೆ ಪಟ್ಟಿದು, ಅದೂ ಧ್ವನಿಯನ್ನು ಲೆಕ್ಕಕ್ಕೆ ಹಿಡಿಯದೆ. ಇದನ್ನು ಸರಿದೂಗಿಸಲು ಇರುವ ದಾರಿಗಳು ಮೂರೇ: ಚಿತ್ರವನ್ನು ಚಿಕ್ಕದು ಮಾಡುವುದು, ಫ್ರೇಮ್‌ಗಳನ್ನು ಕಡಿಮೆ ಮಾಡುವುದು, ಇಲ್ಲವೇ ಮಾಹಿತಿಯನ್ನು ಒತ್ತಿ ಕುಗ್ಗಿಸಿ ಓದಿದ ಮೇಲೆ ಬಿಡಿಸುವುದು. ಅಗಲ, ಎತ್ತರ ಎರಡನ್ನೂ ಅರ್ಧಕ್ಕಿಳಿಸಿ ಪರದೆಯ ಕಾಲುಭಾಗದಷ್ಟು ಚಿತ್ರವನ್ನು ತೋರಿಸಿದರೆ ಫ್ರೇಮ್‌ಗೆ 8,960 ಬೈಟ್, 15 ಫ್ರೇಮ್‌ಗೆ 1,34,400 ಬೈಟ್. ಉಳಿಯುವ 19,200 ಬೈಟ್‌ನಲ್ಲಿ ಸಾಧಾರಣ ಗುಣಮಟ್ಟದ ಧ್ವನಿಯೊಂದನ್ನು ತೂರಿಸಬಹುದು. ಆ ಕಾಲದ ಆಟಗಳಲ್ಲಿ ವಿಡಿಯೊ ಏಕೆ ಅಂಚುಪಟ್ಟಿಯೊಳಗಿನ ಪುಟ್ಟ ಕಿಟಕಿಯಂತೆ ಕಾಣುತ್ತಿತ್ತು ಎಂಬ ಪ್ರಶ್ನೆಗೆ ಬಹುಮಟ್ಟಿನ ಉತ್ತರ ಈ ಗುಣಾಕಾರದಲ್ಲೇ ಇದೆ. ಕುಗ್ಗಿಸುವ ದಾರಿಯನ್ನು ಎಲ್ಲರೂ ಹಿಡಿದರು. ಆದರೆ ಬಿಡಿಸುವ ಕೆಲಸ ಮಾಡಬೇಕಾದದ್ದು 12.5 ಮೆಗಾಹರ್ಟ್ಸ್ ವೇಗದ ಮೋಟೊರೋಲಾ 68000 ಪ್ರೊಸೆಸರ್. ಅದಕ್ಕೆ ಎಟುಕುವಷ್ಟು ಸರಳವಾದ ವಿಧಾನಗಳಷ್ಟೇ ಬಳಕೆಗೆ ಬರುತ್ತಿದ್ದವು, ಸರಳ ವಿಧಾನಗಳಲ್ಲಿ ಚಿತ್ರದ ಸೂಕ್ಷ್ಮಗಳು ಸವೆದುಹೋಗುತ್ತಿದ್ದವು.

ಡ್ರೈವ್‌ನ ತೂಬನ್ನು ದಾಟಿದರೆ ಇನ್ನೊಂದು ತೂಬು ಎದುರಾಗುತ್ತದೆ, ಇದರ ಬಗ್ಗೆ ಜನ ಮಾತಾಡುವುದು ಕಡಿಮೆ. ಸೆಗಾ ಸಿಡಿಯಲ್ಲಿ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇದ್ದರೂ ಪರದೆಗೆ ಚಿತ್ರ ಕಳಿಸುವ ಕೆಲಸ ಹಳೆಯ ಜೆನೆಸಿಸ್‌ನ ವಿಡಿಯೊ ಚಿಪ್‌ನದೇ ಆಗಿತ್ತು. 1988ರಲ್ಲಿ ಜಪಾನಿನಲ್ಲಿ ಬಂದ ಆ ಕನ್ಸೋಲ್‌ನ ಚಿಪ್ಪನ್ನು ರೂಪಿಸಿದ್ದು ಓಡುವ, ಜಿಗಿಯುವ ಆಟಗಳಿಗಾಗಿ. ಅದು ಪರದೆಯನ್ನು ಬಿಡಿ ಪಿಕ್ಸೆಲ್‌ಗಳಾಗಿ ಕಾಣುವುದಿಲ್ಲ. 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಟೈಲ್‌ಗಳಾಗಿ ಕಾಣುತ್ತದೆ. ಹುಲ್ಲು, ಇಟ್ಟಿಗೆ, ಮೋಡ ಇವುಗಳ ಟೈಲ್‌ಗಳನ್ನು ಒಮ್ಮೆ ಮೆಮೊರಿಯಲ್ಲಿಟ್ಟರೆ ಅವನ್ನೇ ಮತ್ತೆ ಮತ್ತೆ ಜೋಡಿಸಿ ದೊಡ್ಡ ಲೋಕವನ್ನು ಕಟ್ಟಬಹುದು, ಆ ಆಟಗಳ ಮಿಂಚಿನ ವೇಗ ಬಂದದ್ದು ಇದರಿಂದಲೇ. ಮನುಷ್ಯನ ಮುಖದ ವಿಡಿಯೊದಲ್ಲಾದರೋ ಯಾವ ಟೈಲೂ ಇನ್ನೊಂದರಂತಿರುವುದಿಲ್ಲ, ಮುಂದಿನ ಫ್ರೇಮ್‌ನಲ್ಲಿ ಎಲ್ಲವೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಫ್ರೇಮ್‌ಗೂ ಎಲ್ಲ ಟೈಲ್‌ಗಳನ್ನೂ ಹೊಸದಾಗಿ ವಿಡಿಯೊ ಮೆಮೊರಿಗೆ ಸಾಗಿಸಬೇಕು. ಆ ಸಾಗಣೆಗೆ ಸೂಕ್ತವಾದ ಹೊತ್ತೆಂದರೆ ಟಿವಿ ಒಂದು ಚಿತ್ರ ಬರೆದು ಮುಗಿಸಿ ಮುಂದಿನದಕ್ಕೆ ಮೇಲೆ ಹೋಗುವ ಪುಟ್ಟ ವಿರಾಮ. ಅಷ್ಟರಲ್ಲಿ ಸುಮಾರು ಏಳೂವರೆ ಕಿಲೋಬೈಟ್ ಮಾತ್ರ ಸಾಗುತ್ತದೆ. ಪೂರ್ಣ ಪರದೆಯ 35,840 ಬೈಟ್‌ಗೆ ಅಂಥ ಐದು ವಿರಾಮ ಬೇಕು, ಅಂದರೆ ಸೆಕೆಂಡಿಗೆ 60 ವಿರಾಮವಿರುವ ಅಮೆರಿಕದ ಟಿವಿಯಲ್ಲಿ 12 ಫ್ರೇಮ್‌ಗಿಂತ ಹೆಚ್ಚು ಸುಲಭದಲ್ಲಿ ಹುಟ್ಟುವುದಿಲ್ಲ. ಮೇಲಾಗಿ ಒಂದು ಫ್ರೇಮ್ ತೋರುತ್ತಿರುವಾಗ ಮುಂದಿನದನ್ನು ಮರೆಯಲ್ಲಿ ಕಟ್ಟಿಡಬೇಕಾದರೆ ಎರಡು ಫ್ರೇಮ್‌ಗೆ ಜಾಗ ಬೇಕು: 71,680 ಬೈಟ್. ವಿಡಿಯೊ ಮೆಮೊರಿಯ ಒಟ್ಟು ಗಾತ್ರವೇ 65,536 ಬೈಟ್. ಸಿಡಿ ಡ್ರೈವ್ ಎಷ್ಟೇ ವೇಗವಾಗಿದ್ದರೂ ಈ ಗೋಡೆಯನ್ನು ದಾಟುವುದು ಸಾಧ್ಯವಿರಲಿಲ್ಲ.

ಬಣ್ಣದ ಕಥೆ ಇನ್ನೂ ಬಡವಾದದ್ದು. ಜೆನೆಸಿಸ್ ಬಲ್ಲ ಬಣ್ಣಗಳು ಒಟ್ಟು 512. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಎಂಟೆಂಟು ಮಟ್ಟ. ಅದರಲ್ಲೂ ಒಂದು ಹೊತ್ತಿಗೆ ಪರದೆಯ ಮೇಲೆ ಇರಬಹುದಾದದ್ದು ಹದಿನಾರರ ನಾಲ್ಕು ಗುಂಪು, ಸುಮಾರು 60 ಬಣ್ಣ, ಒಂದು ಟೈಲ್ ಬಳಸಬಹುದಾದದ್ದು ಒಂದೇ ಗುಂಪನ್ನು. ಕಲಾವಿದರು ಆಟಕ್ಕೆ ಚಿತ್ರ ಬರೆಯುವಾಗ ಈ ಮಿತಿಯನ್ನು ಮೊದಲೇ ತಿಳಿದು, ಗಟ್ಟಿಯಾದ ಕೆಲವೇ ಬಣ್ಣಗಳನ್ನು ಆರಿಸಿಕೊಂಡು ಬರೆಯುತ್ತಿದ್ದರು, ಅದಕ್ಕೇ ಆ ಚಿತ್ರಗಳು ಇಂದಿಗೂ ಕಣ್ಣಿಗೆ ಹಿತ. ಕ್ಯಾಮೆರಾಕ್ಕೆ ಅಂಥ ಆಯ್ಕೆಯಿಲ್ಲ. ಕೆನ್ನೆಯ ಮೇಲೆ ಬೆಳಕು ನೆರಳಾಗಿ ಜಾರುವ ಕಡೆ ನೂರಾರು ಛಾಯೆಗಳಿರುತ್ತವೆ. ಅವುಗಳನ್ನು ನಾಲ್ಕಾರಕ್ಕೆ ಇಳಿಸಿದಾಗ ಮುಖ ಪಟ್ಟೆ ಪಟ್ಟೆಯಾಗುತ್ತದೆ. ಪಟ್ಟೆಗಳನ್ನು ಮರೆಮಾಡಲು ಎರಡು ಬಣ್ಣದ ಚುಕ್ಕೆಗಳನ್ನು ಅಕ್ಕಪಕ್ಕ ಚೆಲ್ಲುವ ಡಿದರಿಂಗ್ ಎಂಬ ಉಪಾಯವನ್ನು ಬಳಸಿದರು. ಅಂದಿನ ಗಾಜಿನ ಪರದೆಯ ಟಿವಿಯಲ್ಲಿ ಆ ಚುಕ್ಕೆಗಳು ಒಂದಿಷ್ಟು ಬೆರೆತುಕೊಳ್ಳುತ್ತಿದ್ದವು, ಹಾಗಾಗಿ ಅದೇ ಆಟವನ್ನು ಇಂದಿನ ಪರದೆಯಲ್ಲಿ ನೋಡಿದರೆ ಅಂದು ಕಂಡದ್ದಕ್ಕಿಂತಲೂ ಒರಟಾಗಿ ಕಾಣುತ್ತದೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅಷ್ಟಾದರೂ, ರಾತ್ರಿಯ ಮನೆಯೊಳಗೆ ಮಬ್ಬು ಬೆಳಕಿನಲ್ಲಿ ನಡೆಯುವ ಕಥೆಗೆ ಈ ಯಂತ್ರ ಅತ್ಯಂತ ಒಲ್ಲದ ಜಾಗ.

ಇಲ್ಲಿಯವರೆಗಿನ ಕೊರತೆಗಳೆಲ್ಲ ಚಿತ್ರದ ಅಂದಕ್ಕೆ ಸಂಬಂಧಿಸಿದವು. ಅಂದಗೆಟ್ಟ ಆಟವೂ ಆಡಲು ಚೆನ್ನಾಗಿರಬಹುದು. ನೈಟ್ ಟ್ರ್ಯಾಪ್‌ಗೆ ಆಟವಾಗಿಯೇ ಪೆಟ್ಟು ಕೊಟ್ಟದ್ದು ಸಿಡಿಯ ಮತ್ತೊಂದು ಗುಣ: ಅದರ ಕಣ್ಣು ಒಂದು ಹೊತ್ತಿಗೆ ಒಂದೇ ಕಡೆ ಇರುತ್ತದೆ. ತಟ್ಟೆಯ ಬೇರೊಂದು ಜಾಗದಲ್ಲಿರುವ ದೃಶ್ಯ ಬೇಕೆಂದರೆ ಲೇಸರ್ ಅಲ್ಲಿಗೆ ಸರಿಯಬೇಕು, ಅದಕ್ಕೆ ಸೆಗಾ ಸಿಡಿ ತೆಗೆದುಕೊಳ್ಳುತ್ತಿದ್ದ ಸಮಯ ಸರಾಸರಿ 0.8 ಸೆಕೆಂಡ್. ಈಗ ಈ ಆಟದ ಮೂಲ ಕಲ್ಪನೆಯನ್ನು ನೋಡಿ. ಒಂದು ಮನೆ, ಅದರಲ್ಲಿ ಎಂಟು ಕ್ಯಾಮೆರಾ, ಎಂಟು ಕಡೆಯೂ ಏಕಕಾಲದಲ್ಲಿ ನಡೆಯುತ್ತಿರುವ ಘಟನೆಗಳು, ಅವುಗಳ ನಡುವೆ ಕ್ಷಣಕ್ಷಣಕ್ಕೂ ಹಾರುತ್ತಿರಬೇಕಾದ ಆಟಗಾರ. ಎಂಟೂ ದೃಶ್ಯಗಳನ್ನು ಒಟ್ಟಿಗೆ ಹೆಣೆದು ತಟ್ಟೆಯಲ್ಲಿಟ್ಟರೆ ಒಂದೊಂದರ ಪಾಲಿಗೆ ಸೆಕೆಂಡಿಗೆ 19,200 ಬೈಟ್ ಬರುತ್ತದೆ, ಅದು ಧ್ವನಿಗೇ ಮುಗಿದುಹೋಗುತ್ತದೆ. ಬೇರೆ ಬೇರೆ ಇಟ್ಟರೆ ಪ್ರತಿ ಜಿಗಿತಕ್ಕೂ ಕಾಯಬೇಕು. ಎಂಟು ದೃಶ್ಯಗಳು ಪಕ್ಕಪಕ್ಕದಲ್ಲೇ ಓಡುತ್ತಿರುವ ಮಾಧ್ಯಮವೊಂದಕ್ಕೆ ಹೇಳಿಮಾಡಿಸಿದಂತಿರುವ ಈ ಕಲ್ಪನೆಯನ್ನು ಸಿಡಿಯ ಮೇಲೆ ಯಾರಾದರೂ ಏಕೆ ಹೇರುತ್ತಾರೆ?

ಉತ್ತರ 1987ರಲ್ಲಿದೆ. ಆಗ ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೊ, ನೀಮೊ ಎಂಬ ಗುಟ್ಟಿನ ಹೆಸರಿನಲ್ಲಿ ಒಂದು ಕನ್ಸೋಲನ್ನು ರೂಪಿಸುತ್ತಿದ್ದ ತಂಡಕ್ಕೆ ಹಣ ಒದಗಿಸುತ್ತಿತ್ತು. ಟಾಮ್ ಝೀಟೊ ಅದರ ಮುಂದಾಳುಗಳಲ್ಲೊಬ್ಬರು. ಆ ಕನ್ಸೋಲ್‌ನ ಆಟಗಳು ಬರಬೇಕಾಗಿದ್ದದ್ದು ವಿಎಚ್‌ಎಸ್ ಟೇಪ್‌ಗಳಲ್ಲಿ. ಒಂದೇ ಟೇಪ್‌ನಲ್ಲಿ ಹಲವು ದೃಶ್ಯಧಾರೆಗಳನ್ನು ಹೆಣೆದಿಟ್ಟು, ಟೇಪ್ ಓಡುತ್ತಿರುವಂತೆಯೇ ಒಂದು ಧಾರೆಯಿಂದ ಇನ್ನೊಂದಕ್ಕೆ ತಡವಿಲ್ಲದೆ ಹಾರುವುದು ಅದರ ಹೆಚ್ಚುಗಾರಿಕೆ. ಟೇಪ್ ಹಿಂದಕ್ಕೆ ಹೋಗಲಾರದು, ನಿಲ್ಲಲಾರದು. ಆದ್ದರಿಂದಲೇ ಕಾಲ ಯಾರಿಗೂ ಕಾಯದೆ ಹರಿಯುವ, ಒಂದು ಕೋಣೆಯಲ್ಲಿದ್ದರೆ ಇನ್ನೊಂದು ಕೋಣೆಯಲ್ಲಿ ನಡೆದದ್ದು ಕೈತಪ್ಪುವ ಆಟವೊಂದನ್ನು ಅದಕ್ಕಾಗಿ ಕಲ್ಪಿಸಿದರು. ಯಂತ್ರದ ಮಿತಿಯನ್ನೇ ಕಥೆಯ ತಿರುಳಾಗಿ ಮಾಡಿಕೊಂಡ ಈ ಯೋಚನೆ ನನ್ನ ಮಟ್ಟಿಗೆ ನಿಜಕ್ಕೂ ಜಾಣತನದ್ದು. ಸುಮಾರು 15 ಲಕ್ಷ ಡಾಲರ್ ಖರ್ಚಿನಲ್ಲಿ, ಜೇಮ್ಸ್ ರೈಲಿ ನಿರ್ದೇಶನದಲ್ಲಿ, ಟಿವಿ ಧಾರಾವಾಹಿಯಿಂದ ಹೆಸರಾಗಿದ್ದ ಡಾನಾ ಪ್ಲೇಟೊ ಅವರನ್ನು ಮುಖ್ಯ ಪಾತ್ರದಲ್ಲಿಟ್ಟು ಚಿತ್ರೀಕರಣ ಮುಗಿಯಿತು. ಆಮೇಲೆ ಹ್ಯಾಸ್‌ಬ್ರೊ ಆ ಕನ್ಸೋಲನ್ನು ಬಿಡುಗಡೆಗೆ ಮುನ್ನವೇ ಕೈಬಿಟ್ಟಿತು. ಚಿತ್ರೀಕರಿಸಿದ್ದು ಪೆಟ್ಟಿಗೆಯಲ್ಲಿ ಉಳಿಯಿತು. ಝೀಟೊ ಅದನ್ನು ತಮ್ಮದಾಗಿಸಿಕೊಂಡು 1991ರಲ್ಲಿ ಡಿಜಿಟಲ್ ಪಿಕ್ಚರ್ಸ್ ಎಂಬ ಕಂಪನಿ ತೆರೆದರು, ಸಿಡಿ ಡ್ರೈವ್‌ಗೆ ಆಟಗಳನ್ನು ಹುಡುಕುತ್ತಿದ್ದ ಸೆಗಾ ಅವರ ಜೊತೆಯಾಯಿತು. ಹೀಗೆ ಟೇಪ್‌ಗೆಂದು ಹುಟ್ಟಿದ ಆಟ ಐದು ವರ್ಷದ ನಂತರ ಎರಡು ಸಿಡಿಗಳಲ್ಲಿ ಬಂದಿತು.

ಆಟವನ್ನು ಹತ್ತಿರದಿಂದ ನೋಡೋಣ. ಮಾರ್ಟಿನ್ ಎಂಬವರ ಮನೆಗೆ ಹಿಂದೆ ಬಂದಿದ್ದ ಹುಡುಗಿಯರು ಕಾಣೆಯಾಗಿದ್ದಾರೆ. ಈಗ ಇನ್ನೊಂದು ಗುಂಪು ಬಂದಿದೆ, ಅದರೊಳಗೆ ವೇಷ ಮರೆಸಿಕೊಂಡ ರಕ್ಷಣಾ ತಂಡದವಳೊಬ್ಬಳಿದ್ದಾಳೆ. ಮನೆಯ ಕ್ಯಾಮೆರಾಗಳೂ ಗುಪ್ತ ಬೋನುಗಳೂ ಆಡುವವರ ಹತೋಟಿಗೆ ಸಿಕ್ಕಿವೆ. ಆಗರ್‌ಗಳೆಂಬ ಕಪ್ಪುಡುಗೆಯ ನುಸುಳುಕೋರರು ಕೋಣೆಗೆ ಬಂದಾಗ ಪರದೆಯ ಸೂಚಕಪಟ್ಟಿ ಏರುತ್ತಾ ಕೆಂಪಿಗೆ ಬರುತ್ತದೆ. ಕೆಂಪಾದ ಆ ಕ್ಷಣ ಬಟನ್ ಒತ್ತಿದರೆ ನೆಲ ಬಾಯ್ದೆರೆದೋ ಗೋಡೆ ತಿರುಗಿಯೋ ಅವರು ಸಿಕ್ಕಿಬೀಳುತ್ತಾರೆ, ಒಂದಿಷ್ಟು ತಡವಾದರೆ ಹೊರಟುಹೋಗುತ್ತಾರೆ. ಬೋನುಗಳಿಗೆ ಬಣ್ಣದ ಸಂಕೇತವೊಂದಿದ್ದು, ಮನೆಯವರು ಅದನ್ನು ನಡುನಡುವೆ ಬದಲಿಸುತ್ತಾರೆ. ಹೊಸ ಬಣ್ಣ ಯಾವುದೆಂದು ತಿಳಿಯಬೇಕಾದರೆ ಅವರು ಅದನ್ನು ಮಾತಾಡಿಕೊಳ್ಳುವ ಹೊತ್ತಿಗೆ ಸರಿಯಾದ ಕೋಣೆಯಲ್ಲಿ ಕಿವಿಗೊಟ್ಟಿರಬೇಕು. ಅದು ತಪ್ಪಿತೋ, ಬೋನುಗಳೆಲ್ಲ ನಿರುಪಯೋಗಿ. ಬಹಳಷ್ಟು ಆಗರ್‌ಗಳು ತಪ್ಪಿಸಿಕೊಂಡರೆ ತಂಡದ ಮುಖ್ಯಸ್ಥ ಸಂಪರ್ಕವನ್ನೇ ಕಡಿದುಹಾಕುತ್ತಾನೆ. ಮತ್ತೆ ಮೊದಲಿನಿಂದ ಆರಂಭ.

ಕಾಗದದ ಮೇಲೆ ಇದು ಚೆನ್ನಾಗಿದೆ. ಆಡುವಾಗ ಏನಾಗುತ್ತದೆ? ಕಥೆಯ ಮಾತುಕತೆ ಬಹುಪಾಲು ಹಜಾರದಲ್ಲಿ, ಅಡುಗೆಮನೆಯಲ್ಲಿ ನಡೆಯುತ್ತದೆ. ಆಗರ್‌ಗಳು ಬರುವುದು ಆ ಹೊತ್ತಿಗೆ ಖಾಲಿಯಿರುವ ಇತರ ಕಡೆಗೆ. ಹುಡುಗಿಯರು ಹಜಾರದಲ್ಲಿ ಹಾಡಿಗೆ ಕುಣಿಯುವ ದೃಶ್ಯವಿದೆ; ಅದನ್ನು ಕುಳಿತು ನೋಡಿದರೆ ಮನೆಯ ಬೇರೆ ಕಡೆಗಳಲ್ಲಿ ಒಬ್ಬರ ಹಿಂದೊಬ್ಬರು ಆಗರ್‌ಗಳು ನುಸುಳಿ ಹೋಗುತ್ತಾರೆ. ಗೆಲ್ಲಬೇಕೆಂದರೆ ಖಾಲಿ ಓಣಿಯನ್ನು, ಖಾಲಿ ಅಂಗಳವನ್ನು ದಿಟ್ಟಿಸುತ್ತಿರಬೇಕು. ನಟರು ಅಭಿನಯಿಸಿದ ಸಿನಿಮಾವನ್ನು ಮಾರಾಟದ ಮುಖ್ಯ ಆಕರ್ಷಣೆಯಾಗಿಟ್ಟ ಆಟವೊಂದು, ಆ ಸಿನಿಮಾವನ್ನು ನೋಡಿದವರಿಗೇ ಸೋಲಿನ ಶಿಕ್ಷೆ ಕೊಡುತ್ತದೆ. ಮೇಲಾಗಿ ಯಾವ ಕೋಣೆಗೆ ಯಾವ ಕ್ಷಣ ಯಾರು ಬರುತ್ತಾರೆಂಬುದು ಚಿತ್ರೀಕರಣದಂದೇ ನಿಗದಿಯಾಗಿದೆ. ಎಷ್ಟು ಸಲ ಆಡಿದರೂ ಅದು ಬದಲಾಗುವುದಿಲ್ಲ. ಹೀಗಾಗಿ ಜಾಣ್ಮೆಗೆ, ಊಹೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಒಮ್ಮೆ ಸೋತು, ಇಂಥ ನಿಮಿಷಕ್ಕೆ ಇಂಥ ಕೋಣೆ ಎಂದು ಗುರುತುಹಾಕಿಕೊಂಡು, ಮುಂದಿನ ಸಲ ಇನ್ನಷ್ಟು ದೂರ ಸಾಗುವುದೇ ಆಟ. ಅರ್ಧ ಗಂಟೆಯೊಳಗೆ ಮುಗಿಯುವ ಕಥೆಯನ್ನು ಇಷ್ಟು ಹೊತ್ತು ಎಳೆಯುವುದು ಈ ಬಾಯಿಪಾಠವೇ. ಟೇಪ್‌ನಲ್ಲಿ ಈ ರಚನೆ ಯಂತ್ರದ ಸ್ವಭಾವಕ್ಕೆ ಒಪ್ಪಿದ್ದಾಗಿತ್ತು. ಬೇಕಾದ ಕಡೆಗೆ ಹೋಗಬಲ್ಲ, ಕಥೆಯನ್ನು ಕವಲೊಡೆಸಬಲ್ಲ ಸಿಡಿಗೆ ಬಂದ ಮೇಲೂ ಅದೇ ಉಳಿದದ್ದು, ಐದು ವರ್ಷ ಹಿಂದೆಯೇ ಸೆಟ್ ಕಳಚಿ ನಟರು ಮನೆಗೆ ಹೋಗಿದ್ದರೆಂಬ ಕಾರಣಕ್ಕೆ. ಬರೆದ ಚಿತ್ರವನ್ನು ತಿದ್ದಬಹುದು, ಪ್ರೋಗ್ರಾಮನ್ನು ಬದಲಿಸಬಹುದು. ಚಿತ್ರೀಕರಣ ಮುಗಿದ ವಿಡಿಯೊ ಆಟದಲ್ಲಿ, ಆಡಿನೋಡಿ ದೋಷ ಕಂಡರೂ ತಿದ್ದಲು ಏನೂ ಕೈಯಲ್ಲಿರುವುದಿಲ್ಲ.

ನೀಮೊಗಾಗಿ ಚಿತ್ರೀಕರಿಸಿದ ಇನ್ನೊಂದು ಆಟ ಸ್ಯೂಅರ್ ಶಾರ್ಕ್ ಕೂಡ 1992ರಲ್ಲೇ ಬಂತು. ಚರಂಡಿಯ ಸುರಂಗಗಳಲ್ಲಿ ವಿಮಾನ ಹಾರಿಸುವ ಈ ಆಟದಲ್ಲಿ ಸುರಂಗದ ವಿಡಿಯೊ ತನ್ನಷ್ಟಕ್ಕೆ ಓಡುತ್ತದೆ, ಅದರ ಮೇಲೆ ಗುರಿಯ ಚಿಹ್ನೆಯನ್ನು ಆಡಿಸುವುದಷ್ಟೇ ನಮ್ಮ ಕೆಲಸ. ಆದರೂ ಇದು ನೈಟ್ ಟ್ರ್ಯಾಪ್‌ಗಿಂತ ಮೇಲೆಂದು ನನ್ನ ಎಣಿಕೆ, ಏಕೆಂದರೆ ಇಲ್ಲಿ ನೋಡುವುದೂ ಆಡುವುದೂ ಒಂದೇ ಕಡೆ ಸೇರಿವೆ. ಆಮೇಲೆ ಹೊಸದಾಗಿ ಚಿತ್ರೀಕರಿಸಿದ ಪ್ರೈಜ್ ಫೈಟರ್‌ನಂಥ ಆಟಗಳು ಬಂದವು. ಆ ಬಾಕ್ಸಿಂಗ್ ಆಟ ಕಪ್ಪು ಬಿಳುಪಿನದಾಗಿದ್ದರಿಂದ ಬಣ್ಣದ ಬಡತನ ಅದರಲ್ಲಿ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಡಿಜಿಟಲ್ ಪಿಕ್ಚರ್ಸ್ 1996ರಲ್ಲಿ ಮುಚ್ಚಿತು. ಇದೇ ಸೆಗಾ ಸಿಡಿಯಲ್ಲಿ 1993ರಲ್ಲಿ ಬಂದ ಸೋನಿಕ್ ಸಿಡಿ, ವಿಡಿಯೊವನ್ನು ಆರಂಭದ ಮತ್ತು ಕೊನೆಯ ಆನಿಮೇಷನ್‌ಗಷ್ಟೇ ಮೀಸಲಿಟ್ಟು, ಆಟವನ್ನು ಟೈಲ್‌ಗಳಿಂದಲೇ ಕಟ್ಟಿ, ಸಿಡಿಯ ಜಾಗವನ್ನು ಸಂಗೀತಕ್ಕೆ ಬಳಸಿತು. ಇಂದಿಗೂ ಆ ಉಪಕರಣದ ಹೆಸರು ಹೇಳಿದರೆ ಜನ ಪ್ರೀತಿಯಿಂದ ನೆನೆಯುವುದು ಅದನ್ನು.

ನೈಟ್ ಟ್ರ್ಯಾಪ್‌ನ ಹೆಸರು ಉಳಿದದ್ದು ಬೇರೆ ಕಾರಣಕ್ಕೆ. 1993ರ ಡಿಸೆಂಬರ್ 9ರಂದು ಅಮೆರಿಕದ ಸೆನೆಟ್‌ನಲ್ಲಿ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅವರ ಮುಂದಾಳತ್ವದಲ್ಲಿ ವಿಡಿಯೊ ಆಟಗಳಲ್ಲಿನ ಹಿಂಸೆಯ ಕುರಿತು ವಿಚಾರಣೆ ನಡೆದಾಗ, ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟದ ಜೊತೆಗೆ ಈ ಆಟವೂ ಆರೋಪಿಯ ಸ್ಥಾನದಲ್ಲಿತ್ತು. ಹುಡುಗಿಯೊಬ್ಬಳು ಆಗರ್‌ಗಳ ಕೈಗೆ ಸಿಗುವ ಬಚ್ಚಲುಮನೆಯ ದೃಶ್ಯವನ್ನು ಅಲ್ಲಿ ತೋರಿಸಿದರು. ಅದು ಆಡುವವರು ಸೋತಾಗ ಬರುವ ದೃಶ್ಯ, ಆಟದ ಗುರಿ ಹುಡುಗಿಯರನ್ನು ಉಳಿಸುವುದು ಎಂಬ ಮಾತು ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಆಟ ಅಂಗಡಿಗಳಿಂದ ಹೊರಬಿತ್ತು. 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಕೊಡುವ ಇಎಸ್‌ಆರ್‌ಬಿ ಮಂಡಳಿ ಹುಟ್ಟಿದ್ದರ ಹಿಂದೆ ಈ ವಿಚಾರಣೆ ಇದೆ.

2017ರಲ್ಲಿ, ಆಟ ಮೊದಲು ಬಂದ 25 ವರ್ಷಕ್ಕೆ, ಪ್ಲೇಸ್ಟೇಷನ್ 4ರಂಥ ಯಂತ್ರಗಳಿಗೆ ಅದರ ಹೊಸ ಆವೃತ್ತಿ ಬಂದಿತು. ಈ ಲೇಖನದ ಮೊದಲರ್ಧದಲ್ಲಿ ಹೇಳಿದ ತೂಬುಗಳು ಯಾವುವೂ ಅಲ್ಲಿಲ್ಲ. ಮುಖಗಳು ಸ್ಪಷ್ಟವಾಗಿವೆ, ಕೋಣೆಯಿಂದ ಕೋಣೆಗೆ ಜಿಗಿಯಲು ಕಾಯಬೇಕಿಲ್ಲ, ಅಷ್ಟೇ ಅಲ್ಲ, ಎಂಟೂ ಕೋಣೆಗಳ ಪುಟ್ಟ ವಿಡಿಯೊಗಳು ಏಕಕಾಲದಲ್ಲಿ ಕಣ್ಣೆದುರೇ ಓಡುವುದರಿಂದ ಯಾರು ಎಲ್ಲಿಗೆ ಬಂದರೆಂದು ನೋಡಿಯೇ ತಿಳಿಯಬಹುದು. ಬಾಯಿಪಾಠದ ಭಾರ ಇದರಿಂದ ಬಹಳಷ್ಟು ಇಳಿದಿದೆ. ಆದರೆ ಆಗರ್‌ಗಳು ಈಗಲೂ ಅದೇ ನಿಮಿಷಕ್ಕೆ ಅದೇ ಬಾಗಿಲಿನಿಂದ ಬರುತ್ತಾರೆ, ಮಾತುಕತೆ ಈಗಲೂ ಬೇರೆ ಕೋಣೆಯಲ್ಲಿ ನಡೆಯುತ್ತದೆ. ಕಥೆಯನ್ನು ನೋಡಬೇಕೆನ್ನುವವರಿಗಾಗಿ ಆ ಆವೃತ್ತಿಯಲ್ಲಿ ದೃಶ್ಯಗಳನ್ನು ಪ್ರತ್ಯೇಕವಾಗಿ ತೋರಿಸುವ ಥಿಯೇಟರ್ ವಿಭಾಗವೊಂದನ್ನು ಸೇರಿಸಲಾಗಿದೆ, ಅಲ್ಲಿ ಒತ್ತಲು ಯಾವ ಬೋನಿನ ಬಟನ್ನೂ ಇಲ್ಲ.